ಲುಕಿಂಗ್ ಫಾರ್ ಅಲಿಬ್ರಾಂಡಿ: ಮಗಳ ಪುಸ್ತಕ, ಆದರೆ ಅಮ್ಮನೂ ಓದಬೇಕು

ಹದಿಹರೆಯದವರ ಕಾದಂಬರಿ ಅಂದರೆ ಅದನ್ನು ಮಕ್ಕಳ ಪಾಡಿಗೆ ಬಿಟ್ಟುಬಿಡಬೇಕು ಅಂತ ನಮ್ಮಲ್ಲಿ ಎಷ್ಟೋ ಅಪ್ಪ ಅಮ್ಮಂದಿರು ಅಂದುಕೊಂಡಿದ್ದಾರೆ. ಮೆಲೀನಾ ಮಾರ್ಕೆಟಾ ಬರೆದ ‘ಲುಕಿಂಗ್ ಫಾರ್ ಅಲಿಬ್ರಾಂಡಿ’ ವಿಷಯದಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ಮೇಲ್ನೋಟಕ್ಕೆ ಇದು ಹದಿನೇಳು ವರ್ಷದ ಹುಡುಗಿಯ ಸ್ಕೂಲು, ಗೆಳತಿಯರು, ಮೊದಲ ಪ್ರೀತಿಯ ಕಥೆ. ಆದರೆ ಓದುತ್ತಾ ಹೋದಂತೆ ಅಜ್ಜಿ, ಅಮ್ಮ, ಮಗಳು ಮೂವರೂ ಎದುರಿಗೆ ಬಂದು ಕೂರುತ್ತಾರೆ. ‘ಜನ ಏನಂತಾರೆ’ ಅನ್ನುವ ಭಯ ಈ ಮೂವರನ್ನೂ ಬೇರೆ ಬೇರೆ ಕಾಲದಲ್ಲಿ ಹೇಗೆ ಹಿಂಡಿತು ಅನ್ನುವುದೇ ಇದರ ನಿಜವಾದ ಕಥೆ.

ನಾನಿರುವುದು ಸಿಡ್ನಿಯ ಪಶ್ಚಿಮ ಭಾಗದಲ್ಲಿ. ಹುಟ್ಟಿ ಬೆಳೆದದ್ದು ತಿಪಟೂರು. ಮಗಳು ಎಚ್‌ಎಸ್‌ಸಿ ಓದುತ್ತಿದ್ದಾಳೆ, ಅಂದರೆ ನಮ್ಮ ಸೆಕೆಂಡ್ ಪಿಯುಸಿ ಇದ್ದಹಾಗೆ. ಈ ಪುಸ್ತಕ ಇಲ್ಲಿನ ಎಷ್ಟೋ ಶಾಲೆಗಳಲ್ಲಿ ಪಠ್ಯವಾಗಿತ್ತು. 1992ರಲ್ಲಿ ಪೆಂಗ್ವಿನ್ ಪ್ರಕಟಿಸಿತು. ಮಾರ್ಕೆಟಾ ಅವರಿಗೆ ಇದು ಮೊದಲ ಕಾದಂಬರಿ. ಮರುವರ್ಷವೇ ಆಸ್ಟ್ರೇಲಿಯಾದ ಮಕ್ಕಳ ಪುಸ್ತಕ ಮಂಡಳಿಯ ಪ್ರಶಸ್ತಿ ಬಂತು. ಲೇಖಕಿ ಕೂಡ ಸಿಡ್ನಿಯವರೇ, ಇಟಾಲಿಯನ್ ಮನೆತನದವರು. ಆ ಮನೆಗಳ ಒಳಗಿನ ಮಾತು, ಊಟ, ಜಗಳ, ಪಿಸುಮಾತು ಎಲ್ಲ ಅವರಿಗೆ ಅಂಗೈ ಮೇಲಿನ ಗೆರೆಯಷ್ಟು ಗೊತ್ತು. ಅದು ಪ್ರತಿ ಪುಟದಲ್ಲೂ ಕಾಣುತ್ತದೆ.

ಕಥೆ ಹೇಳುವವಳು ಜೋಸೆಫೀನ್ ಅಲಿಬ್ರಾಂಡಿ. ಎಲ್ಲರಿಗೂ ಜೋಸಿ. ಸಿಡ್ನಿಯ ಗ್ಲೀಬ್ ಅನ್ನುವ ಕಡೆ ಅಮ್ಮ ಕ್ರಿಸ್ಟೀನಾ ಜೊತೆ ಇರುತ್ತಾಳೆ. ಓದುವುದು ಸೇಂಟ್ ಮಾರ್ಥಾಸ್ ಅನ್ನುವ ಕ್ಯಾಥೊಲಿಕ್ ಹೆಣ್ಣುಮಕ್ಕಳ ಶಾಲೆಯಲ್ಲಿ, ಸ್ಕಾಲರ್‌ಶಿಪ್ ಮೇಲೆ. ಸುತ್ತಲೂ ದುಡ್ಡಿರುವ ಮನೆಗಳ ಹುಡುಗಿಯರು. ಇವಳಿಗೆ ಮುಂದೆ ಲಾ ಓದಬೇಕು ಅನ್ನುವ ಛಲ. ಅಮ್ಮನಿಗೆ ಮದುವೆಯಾಗಿಲ್ಲ. ಹದಿಹರೆಯದಲ್ಲೇ ಪಕ್ಕದ ಮನೆಯ ಹುಡುಗನನ್ನು ಪ್ರೀತಿಸಿ ಬಸುರಾದಳು. ಹುಡುಗನ ಮನೆಯವರು ಅಡಿಲೇಡಿಗೆ ಹೋಗಿಬಿಟ್ಟರು. ಅಪ್ಪ ಅವಳನ್ನು ಮನೆಯಿಂದ ಹೊರಗೆ ಹಾಕಿದ. ಅವಳು ಒಬ್ಬಳೇ ಮಗುವನ್ನು ಸಾಕಿದಳು. ಆ ಅಪ್ಪ ಸತ್ತ ಮೇಲಷ್ಟೇ ಅಜ್ಜಿ, ಅಂದರೆ ನೊನ್ನಾ ಕತಿಯಾ, ಮಗಳ ಬದುಕಿಗೆ ಮತ್ತೆ ಬಂದಳು.

ಇಷ್ಟಾಗಿ ಹದಿನೇಳು ವರ್ಷವಾದ ಮೇಲೆ ಆ ಪಕ್ಕದ ಮನೆಯ ಹುಡುಗ ಮೈಕೆಲ್ ಆಂಡ್ರೆಟ್ಟಿ ಈಗ ದೊಡ್ಡ ಬ್ಯಾರಿಸ್ಟರ್ ಆಗಿ ಸಿಡ್ನಿಗೆ ಬರುತ್ತಾನೆ. ಅದೇ ವರ್ಷ ಜೋಸಿಗೆ ಪರೀಕ್ಷೆ. ಅದೇ ವರ್ಷ ಇಬ್ಬರು ಹುಡುಗರು. ಫೆಬ್ರವರಿಯ ಸೆಕೆಯಲ್ಲಿ, ಧರ್ಮದ ಪಾಠದ ಮಧ್ಯೆ ಕದ್ದು ಮ್ಯಾಗಜೀನಿನ ಕ್ವಿಜ್ ತುಂಬುತ್ತಾ ಕೂತ ಹುಡುಗಿಯಿಂದ ಶುರುವಾಗುವ ಪುಸ್ತಕ ಒಂದು ಶಾಲಾ ವರ್ಷದ ಕೊನೆಯವರೆಗೆ ಹೋಗುತ್ತದೆ. ಶುರುವಿನಲ್ಲಿ ಬಾಯಿ ಜೋರಿನ, ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುವ ಹುಡುಗಿ. ಕೊನೆಗೆ ಬರುವಷ್ಟರಲ್ಲಿ ಅವಳ ಜೋರು ಹಾಗೇ ಇರುತ್ತದೆ, ಆದರೆ ಬೇರೆಯವರ ಮಾತು ಕೇಳಿಸಿಕೊಳ್ಳುವುದನ್ನು ಕಲಿತಿರುತ್ತಾಳೆ.

ಅಜ್ಜಿಯ ವಿಷಯಕ್ಕೆ ಬರೋಣ. ನನಗೆ ಈ ಪುಸ್ತಕದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅವಳೇ.

ಸ್ಕೂಲು ಬಿಟ್ಟ ಮೇಲೆ ಜೋಸಿ ಅಜ್ಜಿ ಮನೆಗೆ ಹೋಗಬೇಕು. ಅವಳಿಗೆ ಅದು ಬೇಡವೇ ಬೇಡ. ಅಜ್ಜಿ ತಲೆಗೂದಲ ಬಗ್ಗೆ ಗೊಣಗುತ್ತಾಳೆ, ಬಟ್ಟೆ ಬಗ್ಗೆ ಗೊಣಗುತ್ತಾಳೆ, ಅಮ್ಮ ಸರಿಯಾಗಿ ಬೆಳೆಸಿಲ್ಲ ಅಂತ ಗೊಣಗುತ್ತಾಳೆ. ಯಾರ ಮಗಳು ಯಾರ ಜೊತೆ ಎಲ್ಲಿ ಕಂಡಳು ಅನ್ನುವ ವರದಿ ಇಡೀ ಇಟಾಲಿಯನ್ ಬಳಗಕ್ಕೆ ಸಂಜೆಯೊಳಗೆ ಮುಟ್ಟಿರುತ್ತದೆ. ಸಿಡ್ನಿಯ ಕನ್ನಡ ಮನೆಗಳಿಗೂ ಇದೇನೂ ಹೊಸದಲ್ಲ. ಟೂಂಗ್ಯಾಬಿಯ ಅಂಗಡಿಯ ಮುಂದೆ ನಿಮ್ಮ ಹುಡುಗಿ ಯಾರೋ ಹುಡುಗನ ಜೊತೆ ನಿಂತಿದ್ದಳಲ್ಲಾ ಅನ್ನುವ ಫೋನು ಬಂದಿರುವ ಮನೆಗಳು ನನಗೆ ಗೊತ್ತು. ಎಷ್ಟೋ ಸಲ ಆ ಹುಡುಗ ಪಕ್ಕದ ಮನೆಯ ಅಣ್ಣ ಆಗಿರುತ್ತಾನೆ, ಅಷ್ಟೇ.

ಹೀಗೆ ಗೊಣಗುವ ಅಜ್ಜಿ ಒಂದು ದಿನ ಹಳೇ ಫೋಟೋ ತೆಗೆದು ಕಥೆ ಹೇಳತೊಡಗುತ್ತಾಳೆ. ಸಿಸಿಲಿಯಿಂದ ಎಳೇ ವಯಸ್ಸಿನಲ್ಲಿ ಗಂಡನ ಜೊತೆ ಹಡಗಿನಲ್ಲಿ ಬಂದದ್ದು. ಕ್ವೀನ್ಸ್‌ಲ್ಯಾಂಡಿನ ಸುಡುಬಿಸಿಲು. ಭಾಷೆ ಬಾರದು. ಮಾತಾಡಲು ಹೆಂಗಸರಿಲ್ಲ. ಗಂಡ ಕೆಲಸಕ್ಕೆ ಅಂತ ತಿಂಗಳುಗಟ್ಟಲೆ ಹೊರಗೆ. ಇದು ಬರೀ ಕಲ್ಪನೆಯಲ್ಲ. ಇಟಲಿಯಿಂದ ಬಂದ ಎಷ್ಟೋ ಗಂಡಸರು ಆಗ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳಲ್ಲಿ ಕೂಲಿ ಮಾಡಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಇಟಲಿ ಶತ್ರು ದೇಶ ಆದಾಗ ಇಲ್ಲಿದ್ದ ಸಾವಿರಾರು ಇಟಾಲಿಯನ್ನರನ್ನು ಆಸ್ಟ್ರೇಲಿಯಾ ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿತ್ತು. ಆ ಕಾಲದಲ್ಲಿ ಮನೆಯಲ್ಲಿ ಒಬ್ಬಳೇ ಉಳಿದ ಹೆಂಗಸಿಗೆ ಏನಾಗಿರಬಹುದು ಅನ್ನುವುದನ್ನು ಶಾಲೆಯ ಇತಿಹಾಸ ಪುಸ್ತಕ ಹೇಳುವುದಿಲ್ಲ. ಕತಿಯಾ ಹೇಳುತ್ತಾಳೆ.

ಜೋಸಿ ಮೊದಮೊದಲು ಬೇಸರದಲ್ಲಿ ಕೇಳುತ್ತಾಳೆ. ಆಮೇಲೆ ಕುತೂಹಲ. ಆಮೇಲೆ ಅವಳಾಗಿಯೇ ಕೇಳತೊಡಗುತ್ತಾಳೆ, ಮುಂದೇನಾಯ್ತು ನೊನ್ನಾ ಅಂತ. ಹೀಗೆ ಕೇಳುತ್ತಾ ಕೇಳುತ್ತಾ ಒಂದು ದಿನ ಅಜ್ಜಿ ಹೇಳಿದ ವರ್ಷಗಳನ್ನು ಮನಸ್ಸಿನಲ್ಲೇ ಕೂಡಿ ಕಳೆದು ನೋಡುತ್ತಾಳೆ. ಲೆಕ್ಕ ಹೊಂದುವುದಿಲ್ಲ. ಅಲ್ಲಿಂದ ಒಂದು ಗುಟ್ಟು ಹೊರಗೆ ಬರುತ್ತದೆ. ಏನು ಅಂತ ನಾನು ಹೇಳುವುದಿಲ್ಲ, ಓದುವವರ ಖುಷಿ ಹಾಳಾಗಬಾರದು. ಆದರೆ ಒಂದು ಮಾತು ಹೇಳಬೇಕು. ಆ ಗುಟ್ಟು ಗೊತ್ತಾದ ಮೇಲೆ ಜೋಸಿಗೆ ಬರುವುದು ಕನಿಕರ ಅಲ್ಲ, ಕೋಪ. ಇಷ್ಟು ವರ್ಷ ನನ್ನ ಅಮ್ಮನನ್ನು ಜನರ ಮುಂದೆ ತಲೆ ಎತ್ತದ ಹಾಗೆ ಮಾಡಿದೆಯಲ್ಲಾ ಅನ್ನುವ ಕೋಪ. ಮಾರ್ಕೆಟಾ ಆ ಕೋಪವನ್ನು ಅವಸರದಲ್ಲಿ ತಣ್ಣಗೆ ಮಾಡುವುದಿಲ್ಲ. ಹುಡುಗಿಗೆ ಕೋಪ ಮಾಡಿಕೊಳ್ಳಲು ಹಕ್ಕಿದೆ, ಅಜ್ಜಿಗೆ ತನ್ನ ಬದುಕಿನ ಬಗ್ಗೆ ಹೇಳಿಕೊಳ್ಳಲು ಹಕ್ಕಿದೆ. ಎರಡನ್ನೂ ಪಕ್ಕ ಪಕ್ಕದಲ್ಲಿ ಇಡುತ್ತಾರೆ. ಈ ಭಾಗ ಓದುವಾಗ ನನಗೆ ನಮ್ಮ ಅಜ್ಜಿ ತುಂಬಾ ನೆನಪಾದಳು. ಅವಳ ಚಿಕ್ಕ ವಯಸ್ಸಿನ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಏನೂ ಕೇಳಲೇ ಇಲ್ಲ.

ಟೊಮ್ಯಾಟೊ ಡೇ ಅಂತ ಒಂದು ದಿನ ಬರುತ್ತದೆ ಪುಸ್ತಕದಲ್ಲಿ. ಬಳಗವೆಲ್ಲ ಒಂದೇ ಮನೆಯ ಹಿತ್ತಲಲ್ಲಿ ಸೇರಿ, ರಾಶಿ ರಾಶಿ ಟೊಮ್ಯಾಟೊ ಬೇಯಿಸಿ, ಹಿಂಡಿ, ವರ್ಷಕ್ಕಾಗುವಷ್ಟು ಸಾಸ್ ಮಾಡಿ ಬಾಟಲಿಗೆ ತುಂಬುವ ದಿನ. ಬೇಸಿಗೆಯಲ್ಲಿ ನಮ್ಮ ಹೆಂಗಸರು ಮಹಡಿ ಮೇಲೆ ಸೇರಿ ಸಂಡಿಗೆ ಇಡುವ ದಿನದ ಹಾಗೇ. ಕೈ ಕೆಲಸದಲ್ಲಿ, ಬಾಯಿ ಊರಿನ ಸುದ್ದಿಯಲ್ಲಿ. ಜೋಸಿಗೆ ಇದೆಲ್ಲ ನಾಚಿಕೆ. ತನ್ನ ಶಾಲೆಯ ಹುಡುಗಿಯರಿಗೆ ಇದು ಗೊತ್ತಾದರೆ ಏನು ಗತಿ ಅನ್ನುವ ಸಂಕಟ. ಆದರೂ ಆ ದಿನ ಅವಳು ಖುಷಿಯಾಗಿರುತ್ತಾಳೆ. ನಾಚಿಕೆ ಮತ್ತು ಖುಷಿ ಒಟ್ಟಿಗೇ ಇರುವುದನ್ನು ಇಷ್ಟು ಸರಳವಾಗಿ ಬರೆಯುವುದು ಸುಲಭವಲ್ಲ. ಬೇರೆ ದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮಂಥವರು ಈ ಕೆಲವು ಪುಟಗಳಿಗಾಗಿಯೇ ಪುಸ್ತಕ ಕೊಳ್ಳಬಹುದು. ಡಬ್ಬಿಯಲ್ಲಿ ಚಿತ್ರಾನ್ನ ಬೇಡ, ಸ್ಯಾಂಡ್‌ವಿಚ್ ಹಾಕು ಅನ್ನುವ ಮಗುವಿನ ಮನಸ್ಸಿನಲ್ಲಿ ಏನು ನಡೆಯುತ್ತಿರುತ್ತದೆ ಅಂತ ಇದರಲ್ಲಿ ಕಾಣುತ್ತದೆ.

ಅಪ್ಪ ಮಗಳ ನಡುವಿನ ಭಾಗಗಳಲ್ಲಿ ಒಂದು ದೃಶ್ಯ ತುಂಬಾ ಚೆನ್ನಾಗಿದೆ. ಮೊದಲು ಇಬ್ಬರೂ ಒಬ್ಬರ ದಾರಿಗೆ ಒಬ್ಬರು ಬರುವುದು ಬೇಡ ಅಂತ ಒಪ್ಪಿಕೊಂಡಿರುತ್ತಾರೆ. ನನಗೆ ನೀನು ಬೇಕಿಲ್ಲ ಅಂತ ಜೋಸಿ ಮುಖಕ್ಕೆ ಹೇಳಿದಂತೆಯೇ ನಡೆದುಕೊಂಡಿರುತ್ತಾಳೆ. ಆಮೇಲೊಂದು ದಿನ ಶಾಲೆಯಲ್ಲಿ ಕಾರ್ಲಿ ಅನ್ನುವ ಶ್ರೀಮಂತ ಹುಡುಗಿ ಇವಳ ಇಟಾಲಿಯನ್ ಹುಟ್ಟನ್ನು ಹಿಡಿದು ಬೈಯುತ್ತಾಳೆ. ಜೋಸಿ ಕೈಯಲ್ಲಿದ್ದ ದಪ್ಪ ಪುಸ್ತಕದಲ್ಲಿ ಅವಳ ಮೂಗಿಗೆ ಬಾರಿಸಿಬಿಡುತ್ತಾಳೆ. ಮೂಗು ಮುರಿಯುತ್ತದೆ. ಕಾರ್ಲಿಯ ಅಪ್ಪ ಟೀವಿಯಲ್ಲಿ ಬರುವ ಮನುಷ್ಯ. ಕೇಸು ಹಾಕುತ್ತೇನೆ ಅಂತ ಕೂಗಾಡುತ್ತಾನೆ. ಆಗ ಜೋಸಿ ಫೋನ್ ಮಾಡುವುದು ಮೈಕೆಲ್‌ಗೆ. ಅವನು ಬರುತ್ತಾನೆ. ಒಬ್ಬ ವಕೀಲ ಹೇಗೆ ಮಾತಾಡಬೇಕೋ ಹಾಗೆ ಶಾಂತವಾಗಿ ಮಾತಾಡಿ ಆ ಮನುಷ್ಯನನ್ನು ಸುಮ್ಮನಾಗಿಸುತ್ತಾನೆ. ಹುಟ್ಟಿದಾಗಿನಿಂದ ಅಪ್ಪ ಅನ್ನುವವರೊಬ್ಬರು ಪಕ್ಕದಲ್ಲಿ ನಿಂತದ್ದನ್ನೇ ಕಾಣದ ಹುಡುಗಿ ಅವತ್ತು ಮೊದಲ ಸಲ ಅದನ್ನು ಕಾಣುತ್ತಾಳೆ. ಇಬ್ಬರೂ ಅದರ ಬಗ್ಗೆ ದೊಡ್ಡ ಮಾತು ಆಡುವುದಿಲ್ಲ. ಕಾರು ಹತ್ತುತ್ತಾರೆ, ಜಗಳ ಆಡುತ್ತಾರೆ, ನಗುತ್ತಾರೆ.

ಇಷ್ಟು ಚೆನ್ನಾಗಿ ಬರೆದಿದ್ದರೂ ಮೈಕೆಲ್ ವಿಷಯದಲ್ಲಿ ನನಗೆ ಪೂರ್ತಿ ಸಮಾಧಾನ ಇಲ್ಲ. ಅವನು ತಮಾಷೆಯವನು, ಬುದ್ಧಿವಂತ, ಕೈಯಲ್ಲಿ ದುಡ್ಡಿದೆ, ಮಗಳಿಗೆ ಬೇಗ ಇಷ್ಟವಾಗುತ್ತಾನೆ. ಸರಿ. ಆದರೆ ಕ್ರಿಸ್ಟೀನಾ ಒಬ್ಬಳೇ ಕಳೆದ ಅಷ್ಟು ವರ್ಷಗಳಿಗೆ ಅವನು ಉತ್ತರ ಕೊಡಬೇಕಾದ ಜಾಗ ಪುಸ್ತಕದಲ್ಲಿ ತುಂಬಾ ಚಿಕ್ಕದು. ಜ್ವರ ಬಂದ ರಾತ್ರಿಗಳು, ಬಾಡಿಗೆ, ನೆಂಟರ ಮನೆಯ ಮದುವೆಗೆ ಒಬ್ಬಳೇ ಮಗು ಎತ್ತಿಕೊಂಡು ಹೋಗುವುದು, ಇದೆಲ್ಲ ಅವಳ ಪಾಲಿಗೆ. ಅವನ ಪಾಲಿಗೆ ಬೆಳೆದು ನಿಂತ, ಚುರುಕಾದ ಮಗಳು. ಕಥೆ ಹೇಳುವವಳು ಜೋಸಿಯಾದ್ದರಿಂದ ಅವಳಿಗೆ ಕಂಡಷ್ಟೇ ನಮಗೂ ಕಾಣುತ್ತದೆ, ಅದು ನಿಜ. ಆದರೂ ಕ್ರಿಸ್ಟೀನಾ ಒಂದು ಸಲ ಬಾಯಿಬಿಟ್ಟು ಅವನಿಗೆ ಬೈದಿದ್ದರೆ ಚೆನ್ನಾಗಿರುತ್ತಿತ್ತು ಅಂತ ನನಗೆ ಅನಿಸಿತು.

ಕ್ರಿಸ್ಟೀನಾ ಜೊತೆಗೆ ಕೆಲಸ ಮಾಡುವವರೊಬ್ಬರು ಅವಳನ್ನು ಊಟಕ್ಕೆ ಕರೆದಾಗ ಜೋಸಿ ಮಾಡುವ ರಂಪಾಟ ಮಾತ್ರ ಮರೆಯುವಂಥದ್ದಲ್ಲ. ಇಷ್ಟೆಲ್ಲ ಸಮಾನತೆ ಮಾತಾಡುವ ಹುಡುಗಿ, ತನ್ನ ಅಮ್ಮ ಒಂದು ಸಂಜೆ ಹೊರಗೆ ಹೋಗುತ್ತೇನೆ ಅಂದ ತಕ್ಷಣ ಥೇಟ್ ಅಜ್ಜಿಯ ಮಾತನ್ನೇ ಆಡುತ್ತಾಳೆ. ಅಮ್ಮ ಸುಮ್ಮನಿರುವುದಿಲ್ಲ. ನನಗೂ ಒಂದು ಬದುಕಿದೆ ಅಂತ ತಿರುಗಿ ನಿಲ್ಲುತ್ತಾಳೆ. ಮಕ್ಕಳು ಓದಬೇಕಾದ ಪುಟಗಳು ಇವು. ಅಮ್ಮ ಅಂದರೆ ಬರೀ ಅಮ್ಮ ಅಲ್ಲ, ಅವಳಿಗೆ ಇನ್ನೂ ಮೂವತ್ತೈದರ ಆಸುಪಾಸು ವಯಸ್ಸು ಅಂತ ಜೋಸಿಗೆ ಅವತ್ತು ಹೊಳೆಯುತ್ತದೆ.

ಇನ್ನು ಮೊದಲ ಪ್ರೀತಿ. ಜೇಕಬ್ ಕೂಟ್ ಸರ್ಕಾರಿ ಶಾಲೆಯ ಸ್ಕೂಲ್ ಕ್ಯಾಪ್ಟನ್. ಅಮ್ಮ ಇಲ್ಲ, ಕ್ಯಾನ್ಸರ್‌ನಲ್ಲಿ ತೀರಿಕೊಂಡಿದ್ದಾರೆ. ಮೋಟರ್‌ಬೈಕ್ ಓಡಿಸುತ್ತಾನೆ, ಮುಂದೆ ಮೆಕ್ಯಾನಿಕ್ ಆಗಬೇಕು ಅಂದುಕೊಂಡಿದ್ದಾನೆ. ವೋಟು ಹಾಕುವ ಹಕ್ಕಿನ ಬಗ್ಗೆ ಅವನು ಮಾಡುವ ಭಾಷಣವೊಂದಿದೆ, ಒರಟು ಹುಡುಗನ ಬಾಯಲ್ಲಿ ಅಷ್ಟು ನೇರವಾದ ಮಾತು ಕೇಳಿ ಜೋಸಿ ಮಾತ್ರ ಅಲ್ಲ, ನಾವೂ ಅವನ ಕಡೆ ತಿರುಗಿ ನೋಡುತ್ತೇವೆ. ಹೊರಗೆ ಕರೆದುಕೊಂಡು ಹೋಗುವ ಮೊದಲು ಮನೆಗೆ ಬಂದು ಅಮ್ಮನನ್ನು ಮಾತಾಡಿಸು ಅಂತ ಜೋಸಿ ಹಠ ಹಿಡಿಯುತ್ತಾಳೆ. ಅದೇಕೆ ಬೇಕು ಅಂತ ಅವನಿಗೆ ಅರ್ಥವೇ ಆಗುವುದಿಲ್ಲ. ಇಂಥ ಸಣ್ಣ ಸಣ್ಣ ಕಡೆಗಳಲ್ಲಿ ಎರಡು ಬೇರೆ ಬೇರೆ ಮನೆಗಳ ನಡುವಿನ ದೂರ ಗೊತ್ತಾಗುತ್ತದೆ. ಪ್ರೀತಿ ಇದ್ದರೆ ಸಾಕು, ಎಲ್ಲ ಸರಿಹೋಗುತ್ತದೆ ಅಂತ ಲೇಖಕಿ ಸುಳ್ಳು ಹೇಳುವುದಿಲ್ಲ. ಜೇಕಬ್ ಮುಂದೆ ಹೋಗಲು ಬಯಸಿದಾಗ ಜೋಸಿ ಬೇಡ ಅನ್ನುತ್ತಾಳೆ, ನಾನಿನ್ನೂ ತಯಾರಿಲ್ಲ ಅನ್ನುತ್ತಾಳೆ. ಹೆದರಿ ಅಲ್ಲ, ಯೋಚಿಸಿ. ಇದನ್ನು ಉಪದೇಶದ ವಾಸನೆ ಇಲ್ಲದೆ ಬರೆದಿದ್ದಾರೆ. ಮಧ್ಯದಲ್ಲಿ ಇಬ್ಬರ ಜಗಳಗಳು ಮಾತ್ರ ಸ್ವಲ್ಪ ಜಾಸ್ತಿ ಆಯ್ತು. ಒಂದೇ ಜಗಳ ಬೇರೆ ಬೇರೆ ಜಾಗದಲ್ಲಿ ಆಡುತ್ತಿದ್ದಾರೆ ಅನಿಸುತ್ತದೆ.

ಇನ್ನೊಬ್ಬ ಹುಡುಗ ಜಾನ್ ಬಾರ್ಟನ್. ಅಪ್ಪ ರಾಜಕಾರಣಿ, ಮನೆಯಲ್ಲಿ ಎಲ್ಲ ಇದೆ. ಹೊರಗಿನವರಿಗೆ ಅವನ ಬದುಕು ಬೇಕೆನಿಸುತ್ತದೆ, ಅವನಿಗೇ ಬೇಡವಾಗಿರುತ್ತದೆ. ಅವನೂ ಜೋಸಿಯೂ ತಮ್ಮ ಮನಸ್ಸಿನಲ್ಲಿರುವುದನ್ನು ಒಂದೊಂದು ಕಾಗದದಲ್ಲಿ ಬರೆದು, ಈಗಲೇ ಓದಬಾರದು ಅನ್ನುವ ಕರಾರಿನ ಮೇಲೆ ಅದಲುಬದಲು ಮಾಡಿಕೊಳ್ಳುತ್ತಾರೆ. ಪುಸ್ತಕದಲ್ಲಿ ನನ್ನನ್ನು ತುಂಬಾ ಕಾಡಿದ್ದು ಆ ಕಾಗದ.

ಇಲ್ಲಿ ಅಪ್ಪ ಅಮ್ಮಂದಿರಿಗೆ ಒಂದು ವಿಷಯ ಮೊದಲೇ ಹೇಳಬೇಕು. ಕಥೆಯಲ್ಲಿ ಒಂದು ಆತ್ಮಹತ್ಯೆ ಇದೆ, ಅದೂ ಪರೀಕ್ಷೆಯ ಹೊತ್ತಿನಲ್ಲಿ. ಅದನ್ನು ವರ್ಣಿಸಿಲ್ಲ, ಹೇಗೆ ಏನು ಅಂತ ವಿವರಕ್ಕೆ ಇಳಿದಿಲ್ಲ. ಉಳಿದವರ ದುಃಖ, ಸಿಟ್ಟು, ನಾನು ಗಮನಿಸಬೇಕಿತ್ತಲ್ಲಾ ಅನ್ನುವ ಸಂಕಟ, ಇಷ್ಟನ್ನೇ ಬರೆದಿದ್ದಾರೆ. ಜೋಸಿ ವರ್ಷವಿಡೀ ದ್ವೇಷಿಸಿದ್ದ ಐವಿ ಅನ್ನುವ ಹುಡುಗಿಯೂ ಅವಳೂ ಆಗ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ಮಾರ್ಕ್ಸ್ ಒತ್ತಡದಲ್ಲಿರುವ ಮಗುವಿನ ಕೈಗೆ ಈ ಪುಸ್ತಕ ಕೊಡುವ ಮೊದಲು ನೀವು ಓದಿ. ಕೊಟ್ಟ ಮೇಲೆ ಆ ಭಾಗದ ಬಗ್ಗೆ ಮಾತಾಡಿ. ನಾನು ಮಗಳ ಜೊತೆ ಅಡುಗೆಮನೆಯಲ್ಲಿ ನಿಂತು ಮಾತಾಡಿದೆ. ನಿನಗೆ ಎಂದಾದರೂ ತಡೆಯಲಾರದಷ್ಟು ಭಾರ ಅನಿಸಿದರೆ ಯಾವ ಹೊತ್ತಿನಲ್ಲಾದರೂ ನನ್ನನ್ನು ಎಬ್ಬಿಸು ಅಂದೆ. ರ‍್ಯಾಂಕಿನ ಬಗ್ಗೆ ವಾರಕ್ಕೊಮ್ಮೆ ಊರಿಂದ ವಿಚಾರಿಸುವ ನೆಂಟರ ಫೋನನ್ನು ಪರೀಕ್ಷೆ ಮುಗಿಯುವ ತನಕ ನಾನೇ ತೆಗೆದುಕೊಳ್ಳುತ್ತೇನೆ ಅಂತಲೂ ಹೇಳಿದೆ. ಅವಳಿಗೆ ಎರಡನೆಯದು ಜಾಸ್ತಿ ಸಮಾಧಾನ ಕೊಟ್ಟಿತು.

ಗೆಳತಿಯರು ಮೂವರು. ಸೆರಾ, ಆನಾ, ಲೀ. ಸ್ಕೂಲಿನ ವಾಕಥಾನ್‌ನಿಂದ ತಪ್ಪಿಸಿಕೊಂಡು ಓಡುವ ಪ್ರಸಂಗ ಓದಿ ಮಗಳು ಬಿದ್ದು ಬಿದ್ದು ನಕ್ಕಳು. ಆದರೆ ಈ ಮೂವರೂ ಅಷ್ಟು ಆಳಕ್ಕೆ ಬರುವುದಿಲ್ಲ. ಲೀ ಮನೆಯ ಕಥೆ ಇನ್ನಷ್ಟು ಬೇಕಿತ್ತು.

ಇಂಗ್ಲಿಷ್ ಹೇಗಿದೆ ಅಂತ ಕೇಳುವವರಿಗೆ: ಸುಲಭ. ಹುಡುಗಿ ಮಾತಾಡಿದ ಹಾಗೇ ಬರೆದಿದ್ದಾರೆ. ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಡಿಕ್ಷನರಿ ಬೇಕಾಗಲಿಲ್ಲ. ಕೆಲವು ಇಟಾಲಿಯನ್ ಮಾತುಗಳಿವೆ, ಸಂದರ್ಭದಿಂದಲೇ ತಿಳಿಯುತ್ತದೆ. ಮೊಬೈಲ್ ಇಲ್ಲದ ಕಾಲದ ಕಥೆಯಾದ್ದರಿಂದ ಈಗಿನ ಮಕ್ಕಳಿಗೆ ಅಲ್ಲಲ್ಲಿ ಹಳೆಯದು ಅನಿಸಬಹುದು. ಜನಾಂಗದ ಹೆಸರು ಹಿಡಿದು ಬೈಯುವ ಮಾತುಗಳೂ ಆ ಕಾಲದ್ದೇ, ಕಿವಿಗೆ ಚುಚ್ಚುತ್ತವೆ. ಬಿಳಿಯರಿಗಷ್ಟೇ ಬಾಗಿಲು ಅನ್ನುವ ವಲಸೆ ನೀತಿಯನ್ನು ಆಸ್ಟ್ರೇಲಿಯಾ ಪೂರ್ತಿ ಕೈಬಿಟ್ಟದ್ದು 1973ರಲ್ಲಿ. ಅದಕ್ಕಿಂತ ಮೊದಲೇ ಬಂದು ನೆಲೆಸಿದ ಇಟಾಲಿಯನ್ನರೇ ಇಷ್ಟು ಅನ್ನಿಸಿಕೊಂಡಿದ್ದಾರೆ ಅಂತ ಓದುವಾಗ, ಆಮೇಲೆ ಬಂದ ನಾವು ಯಾವ ದಾರಿಯಲ್ಲಿ ನಡೆದುಬಂದೆವು ಅಂತ ಸ್ವಲ್ಪ ಹೆಚ್ಚು ಅರ್ಥವಾಗುತ್ತದೆ.

ಸಿನಿಮಾ 2000ದಲ್ಲಿ ಬಂತು. ಕೇಟ್ ವುಡ್ಸ್ ನಿರ್ದೇಶನ, ಚಿತ್ರಕಥೆ ಮಾರ್ಕೆಟಾ ಅವರದೇ. ಪಿಯಾ ಮಿರಾಂಡಾ ಜೋಸಿಯಾಗಿ, ಗ್ರೆಟಾ ಸ್ಕಾಕಿ ಅಮ್ಮನಾಗಿ, ಆಂಥೊನಿ ಲಪಾಲಿಯಾ ಅಪ್ಪನಾಗಿ ಮಾಡಿದ್ದಾರೆ. ಆ ವರ್ಷದ ಆಸ್ಟ್ರೇಲಿಯಾದ ಅತ್ಯುತ್ತಮ ಚಿತ್ರ ಅನ್ನುವ ಎಎಫ್‌ಐ ಪ್ರಶಸ್ತಿಯೂ ಬಂತು. ಒಳ್ಳೆಯ ಸಿನಿಮಾ, ನೋಡಿ. ಆದರೆ ಪುಸ್ತಕ ಓದಿದ ಮೇಲೆ ನೋಡಿ. ಅಜ್ಜಿಯ ಕಥೆ ಪುಸ್ತಕದಲ್ಲಿ ನಿಧಾನವಾಗಿ, ಸಂಜೆ ಸಂಜೆಗೆ ಸ್ವಲ್ಪ ಸ್ವಲ್ಪವಾಗಿ ಬಿಚ್ಚಿಕೊಳ್ಳುತ್ತದೆ. ಸಿನಿಮಾಕ್ಕೆ ಅಷ್ಟು ಹೊತ್ತಿಲ್ಲ. 2022ರಲ್ಲಿ ಇದು ರಂಗಕ್ಕೂ ಬಂತು, ಮೆಲ್ಬರ್ನ್ ಮತ್ತು ಸಿಡ್ನಿಯಲ್ಲಿ. ರಂಗರೂಪ ಮಾಡಿದವರು ಭಾರತ ಮೂಲದ ವಿದ್ಯಾ ರಾಜನ್. ಇಟಾಲಿಯನ್ ಅಜ್ಜಿಯ ಮನೆ ಅವರಿಗೂ ಹತ್ತಿರದ್ದು ಅನಿಸಿರಬೇಕು, ಅಲ್ವಾ?

ಯಾರಿಗೆ ಕೊಡಬಹುದು? ಹದಿನಾಲ್ಕು ಹದಿನೈದು ದಾಟಿದ ಹೆಣ್ಣುಮಕ್ಕಳಿಗೆ, ಗಂಡುಮಕ್ಕಳಿಗೂ. ಗಂಡುಮಕ್ಕಳು ಇದನ್ನು ಓದಬೇಕು ಅಂತ ನಾನು ಒತ್ತಿ ಹೇಳುತ್ತೇನೆ, ಜಾನ್‌ಗಾಗಿ, ಜೇಕಬ್‌ಗಾಗಿ. ಬೆಂಗಳೂರಲ್ಲಿರುವ ನನ್ನ ತಂಗಿಗೆ ಒಂದು ಪ್ರತಿ ಕಳಿಸಿದ್ದೇನೆ. ಅವಳ ಮಗ ಈ ವರ್ಷ ಪಿಯುಸಿ.

ನಮ್ಮ ಮನೆಯಲ್ಲಿ ಮೈಕೆಲ್ ಬಗ್ಗೆ ಮಾತು ಇನ್ನೂ ಮುಗಿದಿಲ್ಲ. ತಪ್ಪು ಮಾಡಿದಾಗ ಅವನಿಗೂ ಹದಿನೇಳರ ಆಸುಪಾಸು ವಯಸ್ಸಮ್ಮಾ, ಅಷ್ಟು ಚಿಕ್ಕ ಹುಡುಗ ಏನು ಮಾಡಬೇಕಿತ್ತು ಅನ್ನುತ್ತಾಳೆ ಮಗಳು. ಕ್ರಿಸ್ಟೀನಾಗೂ ಅಷ್ಟೇ ವಯಸ್ಸಾಗಿತ್ತು, ಅವಳು ಮಾಡಿದಳಲ್ಲ ಅನ್ನುತ್ತೇನೆ ನಾನು.